ಊಟದ ನಡುವೆ ಎದ್ದುಹೋದವನು

ತಂಬೂರು ಎಂಬ ಊರಿನ ಗೌರೀಶನಿಗೆ ತನ್ನ ಹಿಟ್ಟಿನ ಗಿರಣಿಯ ಸದ್ದು ಯಾವತ್ತೂ ತೊಂದರೆ ಕೊಟ್ಟಿರಲಿಲ್ಲ. ಯಂತ್ರದ ಪಟ್ಟಾ ತಿರುಗುವ ಗಡಗಡದ ನಡುವೆ ಅವನು ದಿನವಿಡೀ ಕುಳಿತಿರಬಲ್ಲ. ಆದರೆ ಬಾಜು ಮನೆಯಲ್ಲಿ ಯಾರಾದರೂ ದನಿ ಏರಿಸಿದರೆ ಸಾಕು, ಅವನ ಕೈ ತಣ್ಣಗಾಗುತ್ತಿತ್ತು. ಯಂತ್ರಕ್ಕೆ ಸಿಟ್ಟಿಲ್ಲ, ಅದಕ್ಕೇ ಇರಬೇಕು.

ಚಿಕ್ಕಂದಿನಿಂದಲೂ ಹಾಗೆಯೇ. ಅಪ್ಪ ಎತ್ತಿಗೆ ಬೈದರೂ ಇವನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದ. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸಾಕಿದವಳು ಅಕ್ಕ ಮಹಾನಂದಾ. ಹಿತ್ತಲಿಗೆ ಬಂದು ಸೆರಗಿನಿಂದ ಮುಖ ಒರೆಸಿ, "ನಿಂದು ಬಾಳಿ ಎಲಿಯಂಥಾ ಮನಸ್ಸು ಗೌರ್ಯಾ, ಗಾಳಿಗೂ ಹರೀತೈತಿ" ಎಂದು ಒಳಗೆ ಕರೆದೊಯ್ಯುತ್ತಿದ್ದಳು. ಅವಳನ್ನು ಬಮ್ಮಿಗಟ್ಟಿಗೆ ಮದುವೆ ಮಾಡಿ ಕೊಟ್ಟ ಮೇಲೆ ಹಿತ್ತಲಿಗೆ ಬರುವವರು ಯಾರೂ ಉಳಿಯಲಿಲ್ಲ. ಅವನು ತಾನೇ ಮುಖ ತೊಳೆದುಕೊಂಡು ಒಳಗೆ ಬರುವುದನ್ನು ಕಲಿತ.

ಮದುವೆಯಾಗಿ ಬಂದ ಅಮೃತಾ ಮೊರಬದವಳು. ಅಲ್ಲಿಯದು ದೊಡ್ಡ ಮನೆತನ. ಈ ಹೊಲದವರು ಆ ಹೊಲದವರನ್ನು ಕೂಗಿ ಮಾತಾಡಿಸಿಯೇ ರೂಢಿ. ಅಮೃತಾಳ ಸಿಟ್ಟು ಹಾಲು ಉಕ್ಕಿದ ಹಾಗೆ. ಒಂದು ಗಳಿಗೆ ಮೇಲೆದ್ದು ಇಳಿದುಬಿಡುತ್ತಿತ್ತು. ಬೈದ ಬಾಯಿಂದಲೇ "ಚಾ ಮಾಡ್ಲೇನ್ರಿ?" ಎಂದು ಕೇಳುತ್ತಿದ್ದಳು. ಗೌರೀಶನಿಗೆ ಮಾತ್ರ ಅವಳು ಬೈದ ಒಂದೊಂದು ಮಾತೂ ಎದೆಯಲ್ಲಿ ಕೂತುಬಿಡುತ್ತಿತ್ತು. ಅವನು ಮಾತು ಬಿಡುತ್ತಿದ್ದ. ಉಣ್ಣುತ್ತಿದ್ದ, ಗಿರಣಿಗೆ ಹೋಗುತ್ತಿದ್ದ, ಸಂತೆ ಮಾಡಿಕೊಂಡು ಬರುತ್ತಿದ್ದ. ಮಾತು ಮಾತ್ರ ಇಲ್ಲ. ಕೆಲವೊಮ್ಮೆ ವಾರ, ಕೆಲವೊಮ್ಮೆ ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ. ತಾನು ಯಾರಿಗೂ ಒಂದು ಕೆಟ್ಟ ಮಾತು ಆಡಿಲ್ಲ ಎಂಬ ಸಮಾಧಾನ ಅವನಿಗೆ.

ಹೋದ ವರ್ಷ ದೀಪಾವಳಿ ಆದ ಮೇಲೆ ಮಹಾನಂದಾ ಬಮ್ಮಿಗಟ್ಟಿಯಲ್ಲಿ ಹೊಸ ಮನೆಯ ವಾಸ್ತುಶಾಂತಿ ಇಟ್ಟುಕೊಂಡಳು. ಮಧ್ಯಾಹ್ನ ಪಂಕ್ತಿ ಕೂತಿತ್ತು. ಅಕ್ಕ ತಾನೇ ಹೋಳಿಗೆ ಬಡಿಸುತ್ತ ಬಂದವಳು ತಮ್ಮನ ಮುಂದೆ ನಿಂತು, ನೆರೆದವರಿಗೆಲ್ಲ ಕೇಳುವಂತೆ ನಕ್ಕಳು. "ನಮ್ಮ ಗೌರ್ಯಾ ಗಂಡಸಾಗಿ ಹುಟ್ಟಿದ್ದ ತಪ್ಪು ನೋಡ್ರಿ. ಹೇಂತಿ ಮುಂದ ಬಾಯಿ ಬಿಡಂಗಿಲ್ಲ, ಮೂಲ್ಯಾಗ ಕುಂತು ಅಳತಾನ."

ಎಲ್ಲರೂ ನಕ್ಕರು. ಗೌರೀಶ ಎಲೆ ನೋಡುತ್ತ ಕುಳಿತ. ನಗದೆ ಇದ್ದವಳು ಅಮೃತಾ ಒಬ್ಬಳೇ. ಅವಳು ಎದ್ದು ನಿಂತಳು.

"ಅಕ್ಕಾರ, ಮಂದ್ಯಾಗ ಹಂಗ ಅನಬ್ಯಾಡ್ರಿ. ಅವ್ರೂ ಮನಷ್ಯಾರು, ಅವರಿಗೂ ಬ್ಯಾನಿ ಆಗ್ತೈತಿ."

"ನನ್ನ ತಮ್ಮಗ ನಾ ಅಂದ್ರ ನಿನಗೇನ ಆತು?"

ಮಾತಿಗೆ ಮಾತು ಬೆಳೆಯಿತು. ಅಮೃತಾಳ ದನಿ ಮೊರಬದ ದನಿ, ಚಪ್ಪರದ ಆಚೆಗೂ ಕೇಳಿತು. ಗೌರೀಶನ ಸೋದರತ್ತೆಯರೂ ಮಹಾನಂದಾಳ ಪರ ಸೇರಿಕೊಂಡರು. ಗೌರೀಶನ ಕಿವಿಯಲ್ಲಿ ಮಾತುಗಳೆಲ್ಲ ಕಲಸಿಹೋಗಿ ಬರೀ ಗದ್ದಲ ಉಳಿಯಿತು. ಅವನು ಅರ್ಧ ಉಂಡ ಎಲೆ ಬಿಟ್ಟು ಎದ್ದ. ಯಾರಿಗೂ ಹೇಳದೆ ರಸ್ತೆಗೆ ಬಂದು, ಸಿಕ್ಕ ಟಂಟಂ ಆಟೋ ಹತ್ತಿ ಊರಿಗೆ ಬಂದುಬಿಟ್ಟ.

ಅಮೃತಾ ದೀಪ ಹಚ್ಚುವ ಹೊತ್ತಿಗೆ ಒಬ್ಬಳೇ ಬಂದಳು. ಬೈಯಲಿಲ್ಲ. ಸೀರೆ ಬದಲಿಸಿ ಒಲೆ ಹಚ್ಚಿದಳು. ಗೌರೀಶ ಎಂದಿನಂತೆ ಮಾತು ಬಿಟ್ಟಿದ್ದ. ಈ ಸಲ ಅವಳೂ ಮಾತು ಬಿಟ್ಟಿದ್ದಾಳೆಂದು ಅವನಿಗೆ ಗೊತ್ತಾಗಲು ನಾಲ್ಕಾರು ದಿನ ಬೇಕಾಯಿತು.

ಅಷ್ಟರಲ್ಲಿ ಮೊರಬದಿಂದ ಸುದ್ದಿ ಬಂತು. ಅವಳ ತಾಯಿ ಮಲ್ಲಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ಅಮೃತಾ ಹೋದಳು. ಮಲ್ಲಕ್ಕ ಕೋಲು ಹಿಡಿದು ಅಡ್ಡಾಡುವಂತಾದಳು. ಅಮೃತಾ ತಿರುಗಿ ಬರಲಿಲ್ಲ. ಫೋನು ಮಾಡಿದರೆ "ಊಟ ಆತೇನ್ರಿ?" ಎನ್ನುತ್ತಿದ್ದಳು. "ಆತು" ಎಂದರೆ "ಹಂಗಾರ ಇಡ್ತೀನ್ರಿ" ಎನ್ನುತ್ತಿದ್ದಳು.

ಗೌರೀಶ ಎಷ್ಟೋ ವರ್ಷದಿಂದ ಬಯಸಿದ್ದ ಶಾಂತಿ ಮನೆಗೆ ಬಂದಿತ್ತು. ಬೆಳಿಗ್ಗೆ ತಾನೇ ರೊಟ್ಟಿ ಬಡಿಯುತ್ತಿದ್ದ, ಅದು ಅಂಚಿನಲ್ಲಿ ಒಡೆಯುತ್ತಿತ್ತು. ಗಿರಣಿ ಮುಚ್ಚಿ ಬಂದರೆ ಮನೆಯಲ್ಲಿ ಗಡಿಯಾರದ ಸದ್ದೊಂದೇ. ಒಂದು ಸಂಜೆ ಕೈಯಿಂದ ತಾಟು ಜಾರಿ ಬಿದ್ದಾಗ ಅವನು ಬೆಚ್ಚಿದ. ಆಮೇಲೆ, ಒಳಗಿನಿಂದ "ಏನ ಕೆಡವಿದ್ರಿ?" ಎಂಬ ಕೂಗು ಬರುತ್ತದೆಂದು ತಾನು ಕಾಯುತ್ತಿದ್ದೇನೆ ಎಂಬುದು ಅರಿವಿಗೆ ಬಂತು.

ಮಗಳು ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಅವಳಿಗೆ ಫೋನು ಮಾಡಿ ಕೇಳಿದ, "ನಿಮ್ಮವ್ವಗ ಸಿಟ್ಟ ಇನ್ನೂ ಇಳಿದಿಲ್ಲೇನವಾ?"

ಮಗಳೆಂದಳು, "ಅಪ್ಪಾ, ಒಂದ ಮಾತ ಹೇಳ್ತೀನಿ, ಮನಸಿಗೆ ಹಚ್ಕೋಬ್ಯಾಡ. ನೀ ಮಾತು ಬಿಟ್ಟಾಗೆಲ್ಲಾ ನಾನೂ ಅವ್ವಾನೂ ಅಡಗಿ ಮನ್ಯಾಗ ಪಿಸುಪಿಸು ಮಾತಾಡ್ತಿದ್ವಿ. ಭಾಂಡೆ ಸಪ್ಪಳ ಆಗದಂಗ ಇಡ್ತಿದ್ವಿ. ಮತ್ತ್ಯಾವ ಮಾತಿಗೆ ನಿನಗ ಬ್ಯಾನಿ ಆಗ್ತೈತೋ ಅಂತ ಅಂಜಿಕಿ. ನೀ ಒಂದ ಸಲ ಬೈದ ಬಿಟ್ಟಿದ್ರ ಬೇಶ್ ಇತ್ತು ಅನಸ್ತಿತ್ತು ನನಗ."

ಇನ್ನೊಬ್ಬರ ದನಿಗೆ ಅಂಜಿಕೊಂಡೇ ಬೆಳೆದವನು ಗೌರೀಶ. ತನ್ನ ಮೌನಕ್ಕೂ ಯಾರಾದರೂ ಅಂಜಬಹುದೆಂದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ.

ಮರುದಿನ ಗಿರಣಿಗೆ ಬೀಗ ಹಾಕಿ ಮೊರಬಕ್ಕೆ ಹೋದ. ಅಲ್ಲಿ ಕಡಲೆಯ ಸುಗ್ಗಿ. ಅಂಗಳದಲ್ಲಿ ಅಮೃತಾ ಮೊರ ಹಿಡಿದು ಕಡಲೆ ಕೇರುತ್ತಿದ್ದಳು. ಮಲ್ಲಕ್ಕ ಅಳಿಯನಿಗೆ ನೀರು ಕೊಡಿಸಿ, ಕೋಲೂರಿಕೊಂಡು ಒಳಗೆ ಹೋದಳು.

"ಅವತ್ತ ನೀ ಅಷ್ಟ ಜೋರ ಒದರಬಾರದಿತ್ತು," ಎಂದು ಅವನು ಶುರು ಮಾಡಿದ.

ಮೊರ ನಿಂತಿತು. "ಯಾರ ಸಲುವಾಗಿ ಒದರಿದೆ ನಾ? ನಿಮ್ಮ ಸಲುವಾಗಿ. ತಿರಗಿ ನೋಡಿದ್ರ ಎಲಿ ಮುಂದ ನೀವ ಇಲ್ಲ! ಅಷ್ಟೂ ಮಂದಿ ನಿಮ್ಮವ್ರು, ನಡಕ ನಾ ಒಬ್ಬಾಕಿ. ಬಸ್ಸಿಗೆ ನಿಂತಾಗ ಬಮ್ಮಿಗಟ್ಟಿ ಹೆಣ್ಮಕ್ಕಳು ನನ್ನ ನೋಡಿ ಮಾರಿ ತಿರಿವಿದ್ರು. ಗೊತ್ತೈತೇನ ನಿಮಗ?"

ಅವಳ ದನಿ ಏರಿತ್ತು. ಗೌರೀಶನ ಕೈ ತಣ್ಣಗಾಯಿತು. ಎದ್ದು ಹೋಗಬೇಕೆನಿಸಿತು. ಎದ್ದೂ ಬಿಟ್ಟ. ಆದರೆ ಹೊರಬಾಗಿಲಲ್ಲಿ ನಿಂತು, ಜೀವನದಲ್ಲಿ ಮೊದಲ ಸಲ, ಹೇಳಿ ಹೋದ.

"ನನಗ ಎದಿ ಢವಢವ ಅನ್ನಾಕತ್ತೈತಿ ಅಮೃತಾ. ನಿನ್ನ ಮಾತು ಕಿವಿಗೆ ಬೀಳವಲ್ದು. ಹೊರಗ ಸ್ವಲ್ಪ ನಿಂತು ಬರ್ತೀನಿ. ಬರ್ತೀನಿ, ಊರಿಗೆ ಹೋಗೂದಿಲ್ಲ."

ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕುಳಿತ. ಊರಿಗೆ ಹೋಗಲು ಹಿಡಿಯಬೇಕಾದ ಹುಬ್ಬಳ್ಳಿ ಬಸ್ಸು ಬಂತು, ಮಂದಿಯನ್ನು ತುಂಬಿಕೊಂಡು ಹೋಯಿತು. ಕೈಗೆ ಬಿಸಿ ಮರಳಿದ ಮೇಲೆ ಎದ್ದು ನಡೆದ.

"ಬಂದ್ರ್ಯಾ?" ಎಂದಳು ಅಮೃತಾ. ಅವಳು ಅದನ್ನು ನಿರೀಕ್ಷಿಸಿರಲಿಲ್ಲ.

"ನಿನ್ನ ಒಬ್ಬಾಕಿನ್ನ ಬಿಟ್ಟು ಎದ್ದ ಹೋಗಿದ್ದು ತಪ್ಪಾತು."

"ಇಲ್ಲಿ ಕಡ್ಲಿ ಹೊಟ್ಟಿನ ಮುಂದ ಹೇಳಿದ್ರ ಏನ ಬಂತ್ರಿ? ನಾ ಬೈಸ್ಕೊಂಡದ್ದು ಮಂದ್ಯಾಗ. ನಿಮ್ಮಕ್ಕಗ ಹೇಳ್ರಿ."

ಒಬ್ಬನೇ ಊರಿಗೆ ಮರಳಿದ ಮೇಲೆ, ಅಕ್ಕನಿಗೆ ಹೇಳಬೇಕೆಂಬ ಯೋಚನೆಯಲ್ಲೇ ಅವನಿಗೆ ನಾಲ್ಕು ದಿನ ಊಟ ರುಚಿಸಲಿಲ್ಲ. ಆದರೂ ಬಮ್ಮಿಗಟ್ಟಿಗೆ ಹೋದ. ಮಹಾನಂದಾ ಖುಷಿಯಿಂದ ಚಹಾ ತಂದಿಟ್ಟಳು. ಅವಳ ಗಂಡ ಶಂಕ್ರಪ್ಪ ಅಲ್ಲೇ ಕುಳಿತಿದ್ದ.

"ಅಕ್ಕಾ, ಅವತ್ತ ಪಂಕ್ತ್ಯಾಗ ನೀ ಆಡಿದ ಮಾತು ನನ್ನ ಮನಸಿಗೆ ಭಾಳ ಹತ್ತಿತು," ಎಂದ. ಅಷ್ಟಕ್ಕೇ ಕಣ್ಣು ತುಂಬಿ ಬಂದವು. ಒರೆಸಿಕೊಳ್ಳದೆ ಮುಂದುವರಿಸಿದ. "ಅಮೃತಾ ಅಂದದ್ದು ಖರೇ ಇತ್ತು. ನಾ ಆಕಿ ಬಾಜು ನಿಂದ್ರಬೇಕಿತ್ತು, ಎದ್ದ ಹೋದೆ. ನೀ ಆಕಿನ್ನ ಒಂದ ಸಲ ಮಾತಾಡಸು."

"ಅಯ್ಯ, ಚ್ಯಾಷ್ಟಿಗೆ ಅಂದದ್ದಕ್ಕ ಇಷ್ಟೊಂದ? ಆಕೀನ ಕಲಿಸಿ ಕಳಿಸ್ಯಾಳ ಹೌದಿಲ್ಲೋ?"

"ಇಲ್ಲ ಅಕ್ಕಾ, ಮಾತು ನಂದು."

ಮಹಾನಂದಾಳ ಮುಖ ಬಿಗಿಯಿತು. "ತಾಯಿ ಇಲ್ಲದ ಕೂಸು ಅಂತ ಎದಿಗೆ ಅವಚಿ ಬೆಳೆಸಿದೆ ನಿನ್ನ. ಇವತ್ತ ನನ್ನ ಮನಿಗೆ ಬಂದು, ನನಗ ಬುದ್ಧಿ ಹೇಳ್ತಿ?" ಅವಳು ಒಳಗೆ ಹೋದಳು. ಚಹಾ ಕೆನೆಗಟ್ಟುವವರೆಗೆ ಗೌರೀಶ ಕಾದ. ಅಕ್ಕ ಹೊರಗೆ ಬರಲಿಲ್ಲ. ಶಂಕ್ರಪ್ಪ ನೆಲ ನೋಡುತ್ತ, "ಸದ್ಯ ಹೋಗಪಾ" ಎಂದ.

ಶಿವರಾತ್ರಿಗೆ ಮೊದಲು ಅಮೃತಾ ಮನೆಗೆ ಬಂದಳು. ಬಮ್ಮಿಗಟ್ಟಿಯಲ್ಲಿ ನಡೆದದ್ದನ್ನು ಶಂಕ್ರಪ್ಪನೇ ಅವಳಿಗೆ ಫೋನಿನಲ್ಲಿ ಹೇಳಿದ್ದ. ಅಂದು ಅವಳು ಗಂಡ ಉಣ್ಣುವಾಗ ಎದುರಿಗೆ ಕುಳಿತಳು, ಅಷ್ಟೇ. ಜಗಳ ನಿಂತಿಲ್ಲ. ಅವಳ ದನಿ ಇನ್ನೂ ಏರುತ್ತದೆ. ಕೆಲವೊಮ್ಮೆ ಅವಳಿಗೇ ನೆನಪಾಗಿ ನಡುವೆ ಇಳಿಯುತ್ತದೆ, ಕೆಲವೊಮ್ಮೆ ಇಳಿಯುವುದಿಲ್ಲ. ಅವನ ಕೈ ಇನ್ನೂ ತಣ್ಣಗಾಗುತ್ತದೆ. ಅದು ಹೇಗಿರುತ್ತದೆಂದು ಅವನು ಎಷ್ಟು ಬಿಡಿಸಿ ಹೇಳಿದರೂ ಅವಳಿಗೆ ಪೂರ್ತಿ ತಿಳಿಯುವುದಿಲ್ಲ. "ಸ್ವಲ್ಪ ಹೊರಗ ನಿಂತು ಬರ್ತೀನಿ" ಎನ್ನುತ್ತಾನೆ. "ಬರ್ರಿ" ಎನ್ನುತ್ತಾಳೆ. ಬರುತ್ತಾನೆ.

ನಾಗರಪಂಚಮಿಗೆ ಮಹಾನಂದಾ ತವರಿಗೆ ಬರಲಿಲ್ಲ. ಮದುವೆಯಾದ ಮೇಲೆ ಅವಳು ತಪ್ಪಿಸಿದ ಮೊದಲ ಪಂಚಮಿ ಅದು. ಅಮೃತಾ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬಿ ತುಂಬಿದಳು, ಮೇಲೊಂದು ಕುಬಸದ ಖಣ ಇಟ್ಟಳು. ಗೌರೀಶ ಒಯ್ದು ಕೊಟ್ಟ. ಶಂಕ್ರಪ್ಪ ಡಬ್ಬಿ ಇಸಿದುಕೊಂಡ. ಒಳಗೆ ಅಕ್ಕ ಇದ್ದಳು, ಬಳೆಯ ಸಪ್ಪಳ ಕೇಳುತ್ತಿತ್ತು.

ಗೌರೀಶ ಪಡಸಾಲೆಯಲ್ಲಿ ನಿಂತೇ ಹೇಳಿದ, "ಅಕ್ಕಾ, ನಾ ಸಿಟ್ಟಾಗಿಲ್ಲ. ಮಾತೂ ಬಿಟ್ಟಿಲ್ಲ. ಮತ್ತ ಬರ್ತೀನಿ."

ಬಳೆಯ ಸಪ್ಪಳ ನಿಂತಿತು.

ಊರ ಹೊರಗೆ ಮರಕ್ಕೆ ಜೋಕಾಲಿ ಕಟ್ಟಿ ತವರಿಗೆ ಬಂದ ಹೆಣ್ಣುಮಕ್ಕಳು ಜೀಕುತ್ತಿದ್ದರು. ಅವರ ನಗು ದಾಟಿ, ಜಿಟಿಜಿಟಿ ಮಳೆಯಲ್ಲಿ ಅವನು ಬಸ್ಸಿಗೆ ನಡೆದ. ಮನೆಗೆ ಬಂದಾಗ ಅಮೃತಾ ಬಾಗಿಲಲ್ಲೇ ಕೇಳಿದಳು, "ಅಕ್ಕಾರು ಮಾತಾಡಿದ್ರೇನ್ರಿ?"

"ಇಲ್ಲ," ಎಂದ ಗೌರೀಶ. "ಗಣಪತಿ ಹಬ್ಬಕ್ಕ ಮತ್ತ ಹೋಗ್ತೀನಿ."