ಬ್ರೆಜಿಲಿನಾಕೆ ಒಪ್ಪುವವರೆಗೆ

ನನ್ನ ಮೊಮ್ಮಗಳ ಸಂಶೋಧನೆಯ ಲೇಖನವನ್ನು ವಿಜ್ಞಾನದ ದೊಡ್ಡ ಪತ್ರಿಕೆಯವರು ಒಪ್ಪಿಕೊಂಡರು! ಬೆಳಿಗ್ಗೆ ಗೊತ್ತಾದದ್ದೇ ತಡ, ದೆಹಲಿಯ ಲೋಧಿ ಕಾಲೋನಿಯ ನಮ್ಮ ಗಲ್ಲಿಯಲ್ಲಿ ಯಾರನ್ನೂ ಬಿಡದೆ ಹೇಳಿ ಬಂದೆ. "ಶಾದಿ ಪಕ್ಕಾ ಆಯ್ತಾ, ಅಮ್ಮಾಜಿ?" ಎಂದ ತರಕಾರಿ ಭಯ್ಯಾ. ಅದಕ್ಕಿಂತ ದೊಡ್ಡದು ಕಣಯ್ಯಾ ಎಂದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅವಳು ಹೇಳಿದ್ದರಲ್ಲಿ ನನಗೆ ತಿಳಿದಷ್ಟು ಬರೆಯುತ್ತೇನೆ. ಸೂರ್ಯ ಕೆರಳಿದಾಗ ಭೂಮಿಯ ಅಯಸ್ಕಾಂತ ಶಕ್ತಿ ಅಲ್ಲಾಡಿ, ಬಹಳ ಮೇಲಿನ ಗಾಳಿ ಕದಡಿಹೋಗುತ್ತದಂತೆ. ಅದಕ್ಕೆ ಕಾಂತ ಬಿರುಗಾಳಿ ಅಂತ ಹೆಸರು. ಇಲ್ಲಿ ಬೇವಿನ ಒಂದೆಲೆಯೂ ಅಲುಗುವುದಿಲ್ಲ. ಆದರೆ ಫೋನು ತೋರಿಸುವ ದಾರಿ ತಪ್ಪೀತು. ಅದನ್ನು ಅಳೆಯಲು ಒಬ್ಬರ ಆಕಾಶ ಸಾಲದು. ನಮಗೆ ಹಗಲಾದರೆ ಇನ್ನೊಬ್ಬರಿಗೆ ರಾತ್ರಿ. ಅದಕ್ಕೇ ಜಪಾನಿನವರು, ಬ್ರೆಜಿಲಿನವರು, ನಮ್ಮ ಹುಡುಗಿ, ಎಲ್ಲ ಸೇರಿ ಒಂದೇ ಬಿರುಗಾಳಿಯನ್ನು ತಮ್ಮ ತಮ್ಮ ಊರಿನಿಂದ ಅಳೆದಿದ್ದರು.

ಇವಳು ಲೇಖನ ಬರೆದು ಮುಗಿಸಿದಳು. ಕಳಿಸುವ ಮುಂಚೆ ಎಲ್ಲರೂ ಹೂಂ ಅನ್ನಬೇಕು. ಬ್ರೆಜಿಲಿನ ಹೆಂಗಸೊಬ್ಬಳು ಊಹೂಂ ಅಂದಳು. ನಿನ್ನ ಲೆಕ್ಕ ದೆಹಲಿಗೆ ಸರಿ, ನಮ್ಮ ಆಕಾಶಕ್ಕೆ ಕೂರುವುದಿಲ್ಲ ಎಂದು. ಲೇಖನವಿಲ್ಲದೆ ಡಾಕ್ಟರೇಟ್ ಇಲ್ಲ. ಹುಡುಗಿಯ ಮುಖ ಬಾಡಿತು, ನನಗೆ ರೇಗಿತು.

"ಅವಳ ಹೆಸರು ಕಿತ್ತುಹಾಕಿ ಕಳಿಸೇ!"

"ಅರೇ ಅಜ್ಜಿ, ಅರ್ಧ ಅಳತೆ ಅವಳದ್ದೇ."

"ಆ ಅರ್ಧ ಬಿಟ್ಟು ಬರಿ."

"ಆಗ ಇಡೀ ಬಿರುಗಾಳಿ ಅಂತ ಹೆಂಗೆ ಹೇಳ್ಲಿ? ಸುಳ್ಳಾಗುತ್ತೆ."

ಚಳಿಗಾಲವಿಡೀ ಮತ್ತೆ ಲೆಕ್ಕ. ಸಂಜೆಯಾದರೆ ಲ್ಯಾಪ್‌ಟಾಪಿನಲ್ಲಿ ಇಬ್ಬರದೂ ವಾದ; ಅಲ್ಲಿ ಆಕೆಗೆ ಬೆಳಗಿನ ಕಾಫಿ. ನಾನು ಪಕ್ಕದಲ್ಲಿ ಬಟಾಣಿ ಸುಲಿಯುತ್ತಾ ಆಕೆಯನ್ನು ಗುರಾಯಿಸುತ್ತಿದ್ದೆ. ಒಂದು ಸಂಜೆ ಇಬ್ಬರೂ ಒಟ್ಟಿಗೆ ನಕ್ಕುಬಿಟ್ಟರು. ಆಕೆ ಹೇಳಿದ್ದನ್ನು ಸೇರಿಸಿಕೊಂಡ ಮೇಲೆ ಲೆಕ್ಕ ಎರಡೂ ಆಕಾಶಕ್ಕೆ ಕೂತಿತ್ತು. ಆಕೆಯೂ ಹೂಂ ಅಂದಳು, ಲೇಖನ ಹೊರಟಿತು.

ನನ್ನ ಅತ್ತೆಮನೆಯಲ್ಲಿ ಮಾತು ಕೂಡದೆ ಒಂದು ಒಲೆ ಮೂರಾಯಿತು. ಬೇರೆಯಾದವರು ಬೇರೆಯೇ ಉಳಿದರು. ಒಪ್ಪದವಳನ್ನು ಜೊತೆಗೇ ಇಟ್ಟುಕೊಂಡು, ಅವಳ ಮಾತು ಕೇಳಿ ಕೆಲಸ ಗಟ್ಟಿ ಮಾಡಿಕೊಳ್ಳಬಹುದು ಅನ್ನುವುದನ್ನು ಈ ವಯಸ್ಸಿನಲ್ಲಿ ಕಣ್ಣಾರೆ ಕಂಡೆ.

ಇವತ್ತು ಸಂಜೆ ಮಗ ಆಫೀಸಿನಿಂದ ಬೇಗ ಬಂದ. ಸೊಸೆ ಹೋಳಿಗೆ ಬೇಯಿಸಿದಳು. ಎಲ್ಲರೂ ಒಟ್ಟಿಗೆ ಕೂತೆವು.

"ಡಾಕ್ಟರ್ ಸಾಹಿಬಾ, ನನ್ನ ಸೊಂಟನೋವಿಗೆ ಏನಾದ್ರೂ ಕೊಡ್ತೀರಾ?" ಎಂದ ಮಗ.

"ಪಪ್ಪಾ, ಸೂರ್ಯಂಗೆ ಜ್ವರ ಬಂದ್ರೆ ಮಾತ್ರ ನನ್ನ ಹತ್ರ ಬನ್ನಿ."

ನಗುತ್ತಲೇ ಅವಳ ಹೋಳಿಗೆಯ ಮೇಲೆ ನಾನು ಇನ್ನೊಂದು ಚಮಚ ತುಪ್ಪ ಸುರಿದೆ. ಯಾವತ್ತಿನಂತೆ ಬೇಡ ಅನ್ನಲಿಲ್ಲ, ತಿಂದಳು.