ಕನ್ನಡಿಯಲ್ಲಿ ಕಾಣದ ಆರ್ಲೆಟ್

ನಮ್ಮ ಕಡೆ ಪ್ರವಾಸಿಗರು ರಾತ್ರಿ ತಂಗುವ ಬಿಡಾರಗಳಲ್ಲಿ ಸಂಜೆ ಐದರ ಹೊತ್ತಿಗೆ ಒಂದು ಪುಕ್ಕಟೆ ನಾಟಕ ನಡೆಯುತ್ತದೆ. ದಿನವಿಡೀ ಪಿಕಪ್ ಗಾಡಿಯ ಹಿಂದೆ ಟ್ರೈಲರ್ ಮನೆ ಎಳೆದು ಬಂದ ಗಂಡ ಅದನ್ನು ಹಿಮ್ಮುಖವಾಗಿ ತನ್ನ ಜಾಗಕ್ಕೆ ಸೇರಿಸಬೇಕು, ಹೆಂಡತಿ ಹಿಂದೆ ನಿಂತು ದಾರಿ ತೋರಿಸಬೇಕು. ಮೊದಲೇ ಬಂದು ಬೇರು ಬಿಟ್ಟವರು ತಮ್ಮ ಮಡಚುವ ಕುರ್ಚಿಗಳನ್ನು ರಸ್ತೆಯ ಕಡೆ ತಿರುಗಿಸಿಕೊಂಡು, ಕೈಯಲ್ಲೊಂದು ಬಿಯರ್ ಹಿಡಿದು ಕೂರುತ್ತಾರೆ. ಟ್ರೈಲರ್ ಅನ್ನುವುದು ವಕ್ರಬುದ್ಧಿಯ ಪ್ರಾಣಿ. ಹಿಂದೆ ಹೋಗುವಾಗ ನೀವು ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೊರಡುತ್ತದೆ. "ಎಡಕ್ಕೆ" ಅಂತ ಹೆಂಡತಿ, "ಯಾರ ಎಡಕ್ಕೆ" ಅಂತ ಗಂಡ. ಹೀಗೆ ಶುರುವಾದದ್ದು ಆಮೇಲೆ ಯಾರ ತಮ್ಮ ಯಾರ ಮದುವೆಯಲ್ಲಿ ಕುಡಿದು ಬಿದ್ದಿದ್ದ ಅನ್ನುವ ತನಕ ಹೋಗುತ್ತದೆ.

ಡೆಲ್ಮಾರ್ ಮತ್ತು ಆರ್ಲೆಟ್ ಸ್ಟ್ರೌಡ್ ಪ್ರೇಕ್ಷಕರಿಗೆ ಯಾವಾಗಲೂ ನಿರಾಸೆ ಮಾಡುವ ಜೋಡಿಯಾಗಿತ್ತು. ಅವರದು ಸದ್ದಿಲ್ಲದ ಕೆಲಸ. ಟ್ರೈಲರ್ ಕೊಂಡ ದಿನವೇ ಡೆಲ್ಮಾರ್ ಎರಡು ಕಟ್ಟಳೆ ಮಾಡಿದ್ದ. ಒಂದು, ಬಾಯಿ ಬಿಡುವಂತಿಲ್ಲ, ಕೈಯಷ್ಟೇ ಮಾತಾಡಬೇಕು. ಎರಡು ಕೈ ತಲೆಯ ಮೇಲೆ ಕತ್ತರಿ ಹಾಕಿದರೆ 'ನಿಲ್ಲು' ಅಂತ ಅರ್ಥ. ಇನ್ನೊಂದು, ಕನ್ನಡಿಯಲ್ಲಿ ಆರ್ಲೆಟ್ ಕಾಣದೆ ಹೋದರೆ ಆ ಕ್ಷಣ ಬ್ರೇಕ್. ಮೂವತ್ತೊಂದು ಚಳಿಗಾಲ ನೆವಾಡಾದ ಹೆದ್ದಾರಿಯಲ್ಲಿ ಲಾರಿಯಿಂದ ಹಿಮ ತಳ್ಳಿದವನು ಅವನು. ಹಿಮಕ್ಕೇ ಮುಖ ಕೊಟ್ಟವನಿಗೆ ಹಿಮ್ಮುಖ ಏನು ಮಹಾ ಅಂತ ನಾವೆಲ್ಲ ಅನ್ನುತ್ತಿದ್ದೆವು.

ಇದು ಆರ್ಲೆಟ್‌ಳ ಕತೆ. ನಮ್ಮ ಕಾಪರ್ ವೆಲ್ಸ್ ಊರಿನ ಅಂಚೆ ಕಚೇರಿಯ ಕಿಂಡಿಯಲ್ಲಿ ಇಪ್ಪತ್ತೊಂಬತ್ತು ವರ್ಷ ನಿಂತವಳು. ನಿಂತವಳು ಅಂದದ್ದು ತಪ್ಪು, ಆಕೆ ನಿಂತದ್ದನ್ನು ನೋಡಿದವರಿಲ್ಲ. ಪಕ್ಕದಲ್ಲೇ ಕಾಫಿ ಅಂಗಡಿ ಇಟ್ಟಿರುವ ನನಗೆ ಗೋಡೆಯಾಚೆಯಿಂದ ಅವಳ ಹೆಜ್ಜೆ ಕೇಳುತ್ತಿತ್ತು. ಆಕೆ ನಿವೃತ್ತಳಾದ ಮೇಲೆ ನೆಲ ಬದಲಿಸಲು ಬಂದವರು ನೋಡಿದರೆ, ಕಿಂಡಿಯ ಹಿಂದೆ ಎಂಟು ಅಡಿ ಉದ್ದಕ್ಕೆ ಕಾಲುದಾರಿ ಸವೆದು ಬಿದ್ದಿತ್ತು, ಕುರಿಗಳು ನಡೆದ ಬೆಟ್ಟದ ಹಾಗೆ. ಯಾವ ಊರಿನ ಹೆಸರು ಹೇಳಿದರೂ ಅದರ ಪಿನ್‌ಕೋಡ್ ಆಕೆಯ ನಾಲಿಗೆಯ ಮೇಲಿತ್ತು. ಹೊರಗಿನವರು ಬಂದರೆ ಅಂಚೆಚೀಟಿ ಕೊಡುವ ಮೊದಲು, "ಯಾವ ರಸ್ತೇಲಿ ಬಂದ್ರಿ? ಆ ಕಣಿವೇಲಿ ಈಗ ನೀರಿದ್ಯಾ?" ಅಂತ ಕೇಳುವಳು. ಊರಿನ ಕಾಗದಗಳೆಲ್ಲ ಲೋಕ ಸುತ್ತಿದವು, ಮುದ್ರೆ ಒತ್ತಿದವಳು ಮಾತ್ರ ಊರಲ್ಲಿ ಉಳಿದಳು. ಅಂಚೆಯವಳು ಅಂಚು ದಾಟಲಿಲ್ಲ.

ಅಲೆಯುವ ಹುಚ್ಚು ಡೆಲ್ಮಾರ್‌ದು, ಅವಳು ಪಾಪ ಜೊತೆಗೆ ಹೋಗುತ್ತಾಳೆ ಅಂತ ಊರು ತಿಳಿದಿತ್ತು. ಡೆಲ್ಮಾರ್ ಕೂಡ ಹಾಗೇ ತಿಳಿದಿದ್ದ.

ಈ ವರ್ಷ ಜೂನ್ ಮೊದಲ ವಾರ ಅವರು ಹೊರಟರು. ಹಿಂದೆಲ್ಲ ವಾರ, ಹತ್ತು ದಿನದ ತಿರುಗಾಟ. ಈ ಸಲ ವಾಪಸಾಗುವ ದಿನ ಇಡಲಿಲ್ಲ. ಬಡಗಣಕ್ಕೆ ಆರೆಗಾನ್, ಅಲ್ಲಿಂದ ಇಡಾಹೊ, ಆಮೇಲೆ ಕಂಡದ್ದು ದಾರಿ. ಎಲ್ಲೂ ಎರಡು ರಾತ್ರಿ ತಂಗಲಿಲ್ಲ. ಬೆಳಿಗ್ಗೆ ಐದೂವರೆಗೆ ಆರ್ಲೆಟ್ ನೀರಿನ ಪೈಪು ಸುತ್ತಿ, ಕೊಂಡಿ ಬಿಗಿದು, ಚಕ್ರದ ಕೆಳಗಿನ ಮರದ ತುಂಡು ತೆಗೆದಿರುತ್ತಿದ್ದಳು. ಡೆಲ್ಮಾರ್‌ನ ಕಾಫಿ ಲೋಟ ತೊಳೆಯಲು ಅವನ ಕೈಯಿಂದಲೇ ಕಿತ್ತುಕೊಳ್ಳುತ್ತಿದ್ದಳು, ಅದರಲ್ಲಿನ್ನೂ ಕಾಫಿ ಇರುವಾಗ.

ಮೂರನೇ ದಿನ ಆಕೆ ಒಂದು ವಿಷಯ ಗಮನಿಸಿದಳು. ಗಂಡ ತನ್ನನ್ನು ಓರೆಗಣ್ಣಲ್ಲಿ ನೋಡುತ್ತಿದ್ದಾನೆ. ಎದುರು ಕೂತು ಬೇಕನ್ ತಿನ್ನುವಾಗ, ಮುಖ ಕಿಟಕಿಯ ಕಡೆ, ನೋಟ ಇವಳ ಕಡೆ. ಅರವತ್ತಾರರ ವಯಸ್ಸಿನಲ್ಲಿ ಆಕೆಗೆ ಕೆನ್ನೆ ಬಿಸಿಯಾಯಿತು. "ಸುಳ್ಳು ಯಾಕೆ, ಮಾರನೇ ದಿನ ತುಟಿಗೆ ಬಣ್ಣ ಹಚ್ಚಿದೆ," ಅಂತ ನನ್ನ ಹತ್ತಿರವೇ ಒಪ್ಪಿಕೊಂಡಳು.

ತುಟಿಯ ಬಣ್ಣವನ್ನು ಅವನು ನೋಡಲೇ ಇಲ್ಲ. ಉಪ್ಪಿನ ಡಬ್ಬಿಯನ್ನೂ ಅವನು ಹಾಗೇ ಓರೆಯಾಗಿ ನೋಡಿ ಎತ್ತಿಕೊಂಡ. ನಕ್ಷೆಯನ್ನೂ ಅಷ್ಟೆ. ಆಗ ಆರ್ಲೆಟ್‌ಗೆ ಅರ್ಥವಾಯಿತು. ಮೇ ತಿಂಗಳಲ್ಲಿ ಟೈರು ನೋಡಿಕೊಂಡು ಬರುತ್ತೇನೆ ಅಂತ ನೂರು ಮೈಲಿ ಹೋದವನು ಟೈರೇ ಇಲ್ಲದೆ, ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದ. ಹೋದದ್ದು ಕಣ್ಣಿನ ಡಾಕ್ಟರ ಹತ್ತಿರ. ಅವನಿಗೆ ಸುತ್ತಲಿನದು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ.

ಅಂದೇ ಹೇಳಬೇಕಿತ್ತು. ಹೇಳಿದರೆ ಅವನು ಗಾಡಿಯನ್ನು ಊರಿಗೆ ತಿರುಗಿಸುತ್ತಾನೆ. ಆಕೆ ಪಿಕಪ್ಪಿನಲ್ಲಿ ದಿನಸಿ ತಂದವಳೇ ಹೊರತು, ಟ್ರೈಲರನ್ನು ಒಂದು ಗಜವೂ ಎಳೆದವಳಲ್ಲ. ಊರೆಂದರೆ ವರಾಂಡ, ಎರಡು ಕುರ್ಚಿ, ಎದುರಿಗೆ ಅದೇ ಬೋಳು ಬೆಟ್ಟ. ಆಕೆ ಹೇಳಲಿಲ್ಲ. ಬದಲಿಗೆ ಬೋರ್ಡುಗಳನ್ನು ಓದತೊಡಗಿದಳು.

ದಾರಿಯಲ್ಲಿ ಮಧ್ಯಾಹ್ನದವರೆಗೆ ಎರಡು ಮಾತು ಆಡಿದರೆ ಹೆಚ್ಚು ಅನ್ನುವ ಹೆಂಗಸು ಈಗ ಹರಟೆಮಲ್ಲಿಯಾದಳು. "ಅಗೋ, ಬಲಕ್ಕೆ ತಿರುವು, ಮೂವತ್ತೈದು ಅಂತೆ. ಅಗೋ ಸೇತುವೆ, ಕಿರಿದು. ಎದುರಿಗೆ ಹುಲ್ಲಿನ ಲಾರಿ, ಏನ್ ಎತ್ತರ ನೋಡು. ವಿನ್ನೆಮುಕ್ಕ ಊರು ಬಂತು, ಪಿನ್ ಎಂಟು ಒಂಬತ್ತು ನಾಲ್ಕು ನಾಲ್ಕು ಐದು."

"ಇವತ್ತು ಬಾಯಿಗೆ ಬಿಡುವೇ ಇಲ್ಲ," ಅಂದ ಡೆಲ್ಮಾರ್.

"ಊರೂರು ನೋಡೋ ಖುಷಿ. ಬೇಡ ಅಂದ್ರೆ ನಿಲ್ಲಿಸ್ತೀನಿ."

"ಬೇಡ, ಬೇಡ, ಮಾತಾಡು. ಚೆನ್ನಾಗಿದೆ," ಅಂತ ಅವನು ಬಹಳ ಬೇಗ ಅಂದ.

ಹೀಗೆ ಅವನ ಕೈಗೆ ಅವಳ ಕಣ್ಣು ಜೋಡಿಸಿಕೊಂಡು ಅವರು ಸೇಜ್ ಪೊದೆಗಳ ಬೂದು ಬಯಲಿನಲ್ಲಿ ಸುತ್ತುಬಳಸಿನ ದಾರಿ ಹಿಡಿದು ದಿನಕ್ಕೆ ಇನ್ನೂರು ಮೈಲಿ ಓಡಿದರು. ಆಕೆಗೆ ರಾತ್ರಿ ನಿದ್ದೆಯಿಲ್ಲ, ಹಗಲು ಬೆವರು. ಆದರೂ ಬೆಳಗಾದರೆ ಪೈಪು ಸುತ್ತುವುದು ತಪ್ಪಲಿಲ್ಲ.

ಆರೆಗಾನ್ ಗಡಿ ದಾಟುವ ಮೊದಲು, ಬೇಲಿಯಿಲ್ಲದ ಒಂದು ಬಯಲಲ್ಲಿ, ರಸ್ತೆಯ ನಟ್ಟನಡುವೆ ಕಪ್ಪು ಹಸು ನಿಂತಿತ್ತು. ಆರ್ಲೆಟ್ ಆ ಕ್ಷಣ ಥರ್ಮಾಸಿನ ಮುಚ್ಚಳ ತಿರುಗಿಸುತ್ತಿದ್ದಳು. ತಲೆ ಎತ್ತಿ, "ಡೆಲ್, ಹಸು," ಅಂದಳು. ಬ್ರೇಕ್ ಬಿತ್ತು, ಟ್ರೈಲರ್ ಹಿಂದಿನಿಂದ ನೂಕಿತು, ಕಾಫಿ ಮಡಿಲಿಗೆ ಬಂತು. ಹಸುವಿಗೂ ಬಂಪರಿಗೂ ನಡುವೆ ಒಂದು ಮಾರು ಉಳಿದಿತ್ತು. ಹಸು ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಿಧಾನವಾಗಿ ಹೊರಟುಹೋಯಿತು.

"ನೋಡಿದ್ದೆ," ಅಂದ ಡೆಲ್ಮಾರ್.

"ಗೊತ್ತು," ಅಂದಳು ಆರ್ಲೆಟ್.

ಮುಂದಿನ ಹತ್ತು ಮೈಲಿ ಎದುರಿಗೆ ಬಂದ ಪ್ರತಿಯೊಂದು ಕಾರಿನಲ್ಲೂ ಎಷ್ಟು ಜನ ಇದ್ದಾರೆ ಅಂತ ಆಕೆ ಎಣಿಸಿದಳು. ನಾಲ್ಕು. ಎರಡು. ಒಂದು ವ್ಯಾನಿನಲ್ಲಿ ಏಳು, ಹಿಂದಿನ ಸೀಟಿನಲ್ಲಿ ಮಕ್ಕಳು. ಏಳಕ್ಕೆ ಆಕೆ ಎಣಿಕೆ ನಿಲ್ಲಿಸಿದಳು.

ಆ ಸಂಜೆ ಸ್ಟೀನ್ಸ್ ಬೆಟ್ಟದ ಬುಡದ ಬಿಡಾರದಲ್ಲಿ ಆಕೆ ಟ್ರೈಲರಿನ ಹಿಂದೆ ನಿಂತಳು. ತನ್ನ ಮಡಚುವ ಕುರ್ಚಿಯನ್ನು ಬಿಡಿಸಿ, ಟ್ರೈಲರ್ ಬರುವ ದಾರಿಯಲ್ಲಿಟ್ಟಳು. ಪಕ್ಕಕ್ಕೆ ಸರಿದು, ಕನ್ನಡಿಗೆ ನೇರವಾಗಿ ನಿಂತು, ಎರಡು ಕೈಯನ್ನೂ ತಲೆಯ ಮೇಲೆ ಕತ್ತರಿ ಹಾಕಿದಳು. ಬಾಯಿ ಬಿಡಲಿಲ್ಲ. ಟ್ರೈಲರ್ ನಿಧಾನವಾಗಿ, ಬಹಳ ಅಂದವಾಗಿ, ಒಂದು ಗೆರೆಯೂ ತಪ್ಪದೆ ಬಂದು ಕುರ್ಚಿಯನ್ನು ಕಟಕಟ ಮುರಿದು ಅದರ ಮೇಲೇ ನಿಂತಿತು.

ಡೆಲ್ಮಾರ್ ಇಳಿದು ಬಂದ. "ಏನದು?"

"ನನ್ನ ಕುರ್ಚಿ."

"ಕೂಗಬಾರ್ದಿತ್ತಾ?"

"ಕೈ ತೋರಿಸಿದೆ."

ಅವನು ಮುರಿದ ಕುರ್ಚಿಯನ್ನು ಓರೆಯಾಗಿ ನೋಡಿದ. ಆಮೇಲೆ ಟ್ರೈಲರಿನ ಮೆಟ್ಟಿಲ ಮೇಲೆ ಕೂತ. "ನೇರ ನೋಡಿದ್ರೆ ನೀನೇ ಮಾಯ ಆಗ್ತೀಯ," ಅಂದ. "ಬೆಟ್ಟ ಕಾಣುತ್ತೆ, ಆಕಾಶ ಕಾಣುತ್ತೆ. ನಡುವೆ ನೀನಿರೋ ಕಡೆ ಒಂದು ಬೂದು ಕಲೆ. ಇದಕ್ಕೆ ಮದ್ದಿಲ್ಲ ಅಂದ ಡಾಕ್ಟರು. ನಿಂಗೆ ಯಾವಾಗಿಂದ ಗೊತ್ತು?"

"ಒಂದು ವಾರದಿಂದ."

"ವಾರದಿಂದ ಗೊತ್ತಿದ್ದೂ ಪಕ್ಕದಲ್ಲಿ ಕೂತಿದ್ಯಾ? ಸಾಯೋಕೆ ತಯಾರಾಗಿದ್ಯಾ?"

"ಸಾಯೋಕಲ್ಲ. ಹೋಗೋಕೆ."

"ಎರಡೂ ಒಂದೇ ಅಂತಾರೆ ಜನ."

ಆರ್ಲೆಟ್ ನಗಲಿಲ್ಲ. "ಹೇಳಿದ್ರೆ ನೀನು ಊರಿಗೆ ತಿರುಗಿಸ್ತಿದ್ದೆ. ನನಗೆ ಆ ವರಾಂಡ ಬೇಡ, ಡೆಲ್. ನೀನು ಅಲೆಮಾರಿ ಅಂತ ಊರೆಲ್ಲ ಹೇಳುತ್ತೆ, ನಾನೂ ಸುಮ್ನೆ ಇದ್ದೆ. ಅಲೆಮಾರಿ ನಾನು. ನಿನ್ನ ಕುರುಡುಗಣ್ಣಿನ ಮೇಲೆ ಸವಾರಿ ಮಾಡ್ದೆ. ಇವತ್ತು ಒಂದು ವ್ಯಾನಲ್ಲಿ ಏಳು ಜನ ಇದ್ರು."

"ಹಾಗಾದ್ರೆ ನಾಳೆ ಊರಿಗೆ. ಇನ್ನು ನಾನು ಓಡಿಸಲ್ಲ, ನಿನಗೆ ಬರಲ್ಲ. ಯಾರಿಗಾದ್ರೂ ಹೇಳಿ ಟ್ರೈಲರ್ ಎಳೆಸೋಣ."

"ನನಗೆ ಬರಲ್ಲ ಅಂತ ಯಾರು ಹೇಳಿದ್ರು?"

"ಬರುತ್ತಾ?"

"ಬರಲ್ಲ," ಅಂದಳು ಆರ್ಲೆಟ್. "ಆದ್ರೆ ಅದನ್ನ ನೀನು ಹೇಳೋದು ನನಗೆ ಇಷ್ಟ ಆಗ್ಲಿಲ್ಲ."

ಆ ಬಿಡಾರದಿಂದ ನಾಲ್ಕು ಮೈಲಿಗೆ ಆಲ್ವರ್ಡ್ ಒಣಕೆರೆ. ಬೇಸಿಗೆಯಲ್ಲಿ ನೀರಿನ ಹೆಸರಿಲ್ಲ. ಬಿಳಿಯಾಗಿ, ಹಪ್ಪಳದ ಹಾಗೆ ಬಿರಿದು, ಕಣ್ಣು ಹಾಯುವಷ್ಟು ದೂರ ಮಟ್ಟಸ. ಗಿಡವಿಲ್ಲ, ಕಂಬವಿಲ್ಲ, ತಾಗಿಸೋಣ ಅಂದರೂ ಏನೂ ಸಿಗುವುದಿಲ್ಲ. ಮರುದಿನ ಬೆಳಿಗ್ಗೆ ಆರ್ಲೆಟ್ ಸ್ಟೀರಿಂಗ್ ಹಿಂದೆ ಎರಡು ದಿಂಬು ಹಾಕಿ ಕೂತು, ಆ ನಾಲ್ಕು ಮೈಲಿಯನ್ನು ಟ್ರೈಲರ್ ಎಳೆದುಕೊಂಡು ಇಪ್ಪತ್ತು ನಿಮಿಷದಲ್ಲಿ ಮುಗಿಸಿದಳು. ಮೊಲವೊಂದು ಅವರನ್ನು ಹಿಂದೆ ಹಾಕಿತಂತೆ.

ಮುರಿದ ಕುರ್ಚಿಯನ್ನು ಬಯಲಿನ ನಡುವೆ ನೆಟ್ಟು, ಅದನ್ನೇ ಬಿಡಾರದ ಮೂಲೆ ಅಂದುಕೊಂಡರು. ಡೆಲ್ಮಾರ್ ಟ್ರೈಲರಿನ ಪಕ್ಕ ನಡೆಯುತ್ತಾ ಕಲಿಸಿದ. "ಕೈಯನ್ನ ಸ್ಟೀರಿಂಗಿನ ಕೆಳತುದೀಲಿ ಇಡು. ಟ್ರೈಲರಿನ ಹಿಂಭಾಗ ಯಾವ ಕಡೆ ಹೋಗ್ಬೇಕೋ ಆ ಕಡೆಗೇ ಕೈ. ಅಷ್ಟೇ ಗುಟ್ಟು."

"ಅಷ್ಟೇನಾ? ಐದು ವರ್ಷದಿಂದ ಏನೋ ಮಹಾವಿದ್ಯೆ ಅನ್ನೋ ಮುಖ ಮಾಡ್ಕೊಂಡು ಕೂರ್ತಿದ್ದೆ."

"ಮುಖಾನೂ ವಿದ್ಯೆಯ ಭಾಗ. ಹಿಂದಕ್ಕೆ ಬಾ."

ಟ್ರೈಲರ್ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಪಿಕಪ್ಪನ್ನೇ ಕಚ್ಚಲು ಬಂದಂತೆ ಮಡಚಿಕೊಂಡಿತು. ಡೆಲ್ಮಾರ್‌ಗೆ ಅದು ಕಾಣದಿದ್ದರೂ ಕೇಳುತ್ತಿತ್ತು. "ನಿಲ್ಲು, ಟೈರು ಹಲ್ಲು ಕಡೀತಿದೆ. ಮುಂದಕ್ಕೆ ಹೋಗಿ ನೆಟ್ಟಗೆ ಮಾಡ್ಕೋ." ಆಕೆ ಮೊದಲ ಗಂಟೆಯಲ್ಲಿ ಅವನನ್ನು ಬೈದಳು, ಎರಡನೆಯದರಲ್ಲಿ ಟ್ರೈಲರನ್ನು, ಮೂರನೆಯದರಲ್ಲಿ ಟ್ರೈಲರ್ ಮಾಡಿದವರನ್ನು. ಮುರಿದ ಕುರ್ಚಿ ಇನ್ನೆರಡು ಸಲ ಮುರಿಯಿತು. ಮಧ್ಯಾಹ್ನ ಎರಡಕ್ಕೆ ಆಕೆ ಟ್ರೈಲರನ್ನು ಅದರ ಪಕ್ಕದಲ್ಲಿ ನಿಲ್ಲಿಸಿದಳು. ಸೊಟ್ಟಗೆ, ಆದರೆ ಪಕ್ಕದಲ್ಲಿ.

ಆಮೇಲೆ ಆಕೆಯೇ ಕೊಂಡಿ ಬಿಚ್ಚಿದಳು. ಬರಿಯ ಪಿಕಪ್ ಉಳಿಯಿತು. ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು, "ಇಲ್ಲಿ ನೀನು ಓಡಿಸು. ಯಾರೂ ಇಲ್ಲ, ನಾಲ್ಕೂ ಕಡೆ ನೋಡಿದ್ದೀನಿ," ಅಂದಳು.

ಡೆಲ್ಮಾರ್ ಓಡಿಸಿದ. ಮೂವತ್ತೊಂದು ವರ್ಷ ಗಂಟೆಗೆ ಇಪ್ಪತ್ತೈದು ಮೈಲಿಯಲ್ಲಿ ಹಿಮ ತಳ್ಳಿದವನು ಅರವತ್ತಕ್ಕೆ ಹೋದ, ಎಪ್ಪತ್ತಕ್ಕೆ ಹೋದ. ಹಿಂದೆ ಬಿಳಿ ಧೂಳು ಎದ್ದು ಬೆಟ್ಟವನ್ನೇ ಮುಚ್ಚಿತು. ಆರ್ಲೆಟ್ ಏನನ್ನೂ ಓದಿ ಹೇಳಲಿಲ್ಲ, ಓದಲು ಏನೂ ಇರಲಿಲ್ಲ. ಬಯಲಿನ ನಡುವೆ ಅವನು ನಿಲ್ಲಿಸಿದ. ಇಂಜಿನ್ ಆರಿಸಿ, ಬೀಗದ ಕೈ ತೆಗೆದು, ಮೊದಲು ತಡವರಿಸಿ ಆಮೇಲೆ ಸರಿಯಾಗಿ ಅವಳ ಅಂಗಿಯ ಜೇಬಿಗೆ ಹಾಕಿದ.

"ಸಾಕಾಯ್ತಾ?" ಅಂದಳು.

"ಸಾಕಾಗ್ಲಿಲ್ಲ," ಅಂದ. "ಆದ್ರೂ ಸಾಕು."

ಎರಡು ದಿನದ ಮೇಲೆ, ಬರ್ನ್ಸ್ ಊರಿನಾಚೆಯ ಬಿಡಾರದಲ್ಲಿ, ಸಂಜೆ ಐದಕ್ಕೆ ಕುರ್ಚಿಗಳೆಲ್ಲ ರಸ್ತೆಯ ಕಡೆ ತಿರುಗಿದ್ದವು. ಆರ್ಲೆಟ್ ಹಿಂದಕ್ಕೆ ಬಂದಳು. ಡೆಲ್ಮಾರ್ ಹಿಂದೆ ನಿಂತು ಕಿವಿಯಿಟ್ಟು ಕೇಳುತ್ತಾ, ವಾದ್ಯಗೋಷ್ಠಿ ನಡೆಸುವವನ ಹಾಗೆ ಕೈ ಬೀಸಿದ. ಬಾಯಿ ಬಿಡಬಾರದೆಂಬ ಕಟ್ಟಳೆ ಬಿದ್ದುಹೋಗಿತ್ತು. ಹನ್ನೆರಡನೇ ಸಲ ಮುಂದಕ್ಕೆ ಹೋದಾಗ, ಬಿಯರ್ ಹಿಡಿದ ದಪ್ಪ ಮೀಸೆಯವನೊಬ್ಬ ಎದ್ದು ಬಂದು ಕಿಟಕಿಯ ಹತ್ತಿರ, "ಅಮ್ಮಾ, ಯಜಮಾನ್ರ ಕೈಗೆ ಕೊಡಬಾರ್ದಾ?" ಅಂದ.

"ಯಜಮಾನ್ರು ಕೊಟ್ಟಿದ್ದೇ ನನ್ನ ಕೈಗೆ," ಅಂದಳು ಆರ್ಲೆಟ್. "ನಿಮ್ಮ ಕುರ್ಚಿ ಸ್ವಲ್ಪ ಹಿಂದಕ್ಕೆ ತಗೊಳ್ಳಿ. ಕುರ್ಚಿಗಳ ವಿಷಯದಲ್ಲಿ ನಮ್ಮ ಟ್ರೈಲರಿನ ಹೆಸರು ಚೆನ್ನಾಗಿಲ್ಲ."

ಹತ್ತೊಂಬತ್ತನೇ ಸಲಕ್ಕೆ ಒಳಗೆ ಸೇರಿತು. ಕುರ್ಚಿಗಳಿಂದ ಚಪ್ಪಾಳೆ ಬಂತು. ಐದು ವರ್ಷದಲ್ಲಿ ಮೊದಲ ಸಲ ಸ್ಟ್ರೌಡ್ ದಂಪತಿ ಪ್ರೇಕ್ಷಕರಿಗೆ ನಿರಾಸೆ ಮಾಡಲಿಲ್ಲ.

ನವೆಂಬರಿನಲ್ಲಿ ಅವರು ಮೂರು ದಿನದ ಮಟ್ಟಿಗೆ ಊರಿಗೆ ಬಂದರು, ಡೆಲ್ಮಾರ್‌ನ ಲೈಸೆನ್ಸ್ ಒಪ್ಪಿಸಲು ಮತ್ತು ದಪ್ಪ ಕೋಟು ತೆಗೆದುಕೊಳ್ಳಲು. ಇದನ್ನೆಲ್ಲ ಆಕೆ ನನ್ನ ಅಂಗಡಿಯಲ್ಲಿ ನಿಂತುಕೊಂಡೇ ಹೇಳಿದಳು. ಕೂತುಕೋ ಅಂದರೆ, "ಇಂಜಿನ್ ಚಾಲೂ ಇಟ್ಟು ಬಂದಿದ್ದೀನಿ," ಅಂದಳು. ಡೆಲ್ಮಾರ್ ನನ್ನ ಕಡೆ ಬಾಗಿ, "ನೀನಾದ್ರೂ ಹೇಳು ಮಾರಾಯ," ಅಂದ. "ಒಂದೇ ಕಡೆ ಎರಡು ರಾತ್ರಿ ಮಲಗೋಣ ಅಂದ್ರೆ ಕೇಳಲ್ಲ. ಸೊಂಟ ಹಿಡಿದಿದೆ ನನಗೆ. ಚೆನ್ನಾಗಿ ಕಣ್ಣು ಕಂಡಿದ್ದಿದ್ರೆ ಓಡಿಹೋಗ್ತಿದ್ದೆ."

"ಓಡು. ಬೋರ್ಡು ಯಾರು ಓದ್ತಾರೆ?" ಅಂದಳು ಆಕೆ.

ತೆಂಕಣಕ್ಕೆ, ಅರಿಜೋನಾದ ಕಡೆಗೆ ಹೊರಟರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ನನ್ನ ಅಂಗಡಿಯ ಮುಂದಿನ ಇಕ್ಕಟ್ಟಿನಿಂದ ಆಕೆ ಟ್ರೈಲರನ್ನು ಹಿಂದಕ್ಕೆ ತೆಗೆದಳು, ನಾಲ್ಕೇ ಸಲಕ್ಕೆ. ಪಕ್ಕದ ಸೀಟಿನಲ್ಲಿ ಡೆಲ್ಮಾರ್ ಮುಖವನ್ನು ಮುಂದಿನ ಗಾಜಿನ ಕಡೆ ತಿರುಗಿಸಿಕೊಂಡು ಕೂತಿದ್ದ. ಹಾಗೆ ತಿರುಗಿಸಿದರೆ ಅವನಿಗೆ ಕಾಣುವುದು ಅವಳು. ಈ ಸಲ ನಾಚಲು ಆರ್ಲೆಟ್‌ಗೆ ಪುರುಸೊತ್ತಿರಲಿಲ್ಲ. ಅವಳ ಕಣ್ಣು ಕನ್ನಡಿಯಲ್ಲಿತ್ತು.