ಸಾವಂತ್ರೆವ್ವ ಒರೆಸಿದ ಹಿಡಿಕೆಗಳು

ಗೋವಾದ ಪರ್ವರಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಒಂಬತ್ತು ವರ್ಷ ನೆಲ ಒರೆಸಿದ ಸಾವಂತ್ರೆವ್ವನಿಗೆ ಕಫ, ವಾಂತಿ, ಕೀವು ಯಾವುದೂ ಹೇಸಿಗೆ ಹುಟ್ಟಿಸುತ್ತಿರಲಿಲ್ಲ. ಕೆಲಸ ಮುಗಿಸಿ, ಕೈ ತೊಳೆದು, ಮೆಟ್ಟಿಲ ಕೆಳಗೆ ಕುಳಿತು ನೆಮ್ಮದಿಯಿಂದ ರೊಟ್ಟಿ ತಿನ್ನುತ್ತಿದ್ದಳು.

ಆ ಮಳೆಗಾಲ ಜ್ವರದ ವಾರ್ಡಿಗೆ ವಿದ್ಯಾ ಎಂಬ ಸಂಶೋಧಕಿ ಬಂದಳು. ಧಾರವಾಡದ ಹುಡುಗಿ. ಹತ್ತು ಬಾಗಿಲುಗಳ ಹಿಡಿಕೆಗೆ ಕಂದು ಲೇಪ ಬಳಿದಳು, ಇನ್ನು ಹತ್ತನ್ನು ಹಾಗೇ ಬಿಟ್ಟಳು.

"ಇದರಾಗ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಕಣ ಅದಾವ್ರಿ, ಅಕ್ಕಾರ. ನಮ್ಮ ಹೊಟ್ಟ್ಯಾಗ ಉಂಡದ್ದು ಕರಗಸೂ ಕಿಣ್ವ ಇರ್ತಾವಲ್ರಿ, ಹಂಗ ಕೆಲಸ ಮಾಡ್ತಾವು. ವೈರಸ್ಸಿನ ಮ್ಯಾಲಿನ ಪದರಾನ ಹರದು ಹಾಕ್ತಾವು. ನಾ ಮುಂಜಾನಿ ಬಂದು ಪರೀಕ್ಷಾ ಮಾಡೂತನಾ ಯಾವ ಹಿಡಿಕೀನೂ ಒರಸಬ್ಯಾಡ್ರಿ."

ಮೂರನೆಯ ದಿನ ಲೇಪ ತಯಾರಿಸುವ ಕಂಪನಿಯ ಭರತ ಸಾವಂತ್ರೆವ್ವನನ್ನು ಮರೆಗೆ ಕರೆದ. "ಮೌಶಿ, ಮ್ಯಾಡಂ ಬರೂ ಮೊದಲ ಕಂದು ಹಿಡಿಕಿ ಅಷ್ಟ ಸ್ಪಿರಿಟ್ ಹಾಕಿ ಒರಸು. ಉಳದದ್ದು ಮುಟ್ಟಬ್ಯಾಡ. ನಿನ್ನ ಗುತ್ತಿಗೆದಾರ ನನ್ನ ದೋಸ್ತ, ಗೊತ್ತಲ್ಲ?"

ಹೆದರಿ ನಾಲ್ಕು ದಿನ ಒರೆಸಿದಳು. ಐದನೆಯ ದಿನ, ಕಫ ಮೆತ್ತಿಕೊಂಡಿದ್ದ ಲೇಪವಿಲ್ಲದ ಹಿಡಿಕೆಯನ್ನು ಬಾಣಂತಿಯೊಬ್ಬಳು ಹಿಡಿದು, ಅದೇ ಕೈಯಲ್ಲಿ ಕೂಸಿನ ಬಾಯಿ ಒರೆಸಿದಳು. ಸಾವಂತ್ರೆವ್ವನ ಕೈಯಲ್ಲಿ ಸ್ಪಿರಿಟಿನ ಬಟ್ಟೆ ಇತ್ತು. ಆದರೂ ಆ ಹಿಡಿಕೆ ಮುಟ್ಟಿರಲಿಲ್ಲ. ಅಂದು ಎರಡು ಸಲ ಕೈ ತೊಳೆದರೂ ರೊಟ್ಟಿಯ ಗಂಟು ಬಿಚ್ಚಲಿಲ್ಲ.

"ನನ್ನ ಕೈ ನನಗ ಹೇಸಿಗಿ ಆಗಾಕತ್ತಾವು," ಎಂದಳು ಗಂಡ ಯಮನೂರಪ್ಪನಿಗೆ.

"ದೊಡ್ಡವರ ಉಸಾಬರಿ ನಿನಗ್ಯಾಕ? ಸುಮ್ಮ ಒರಸು," ಎಂದ ಅವನು. ಅವನ ಎದುರು ಕೂರುವುದೂ ಬೇಡವೆನಿಸಿತು.

ಮರುದಿನ ವಿದ್ಯಾಳ ಮುಂದೆ ಎಲ್ಲ ಹೇಳಿಬಿಟ್ಟಳು. ವಿದ್ಯಾ ಅಲ್ಲಿಯವರೆಗಿನ ಲೆಕ್ಕವನ್ನೆಲ್ಲ ಬದಿಗೊತ್ತಿ, ಬೇರೆ ವಾರ್ಡಿನಲ್ಲಿ ಮೊದಲಿಂದ ಶುರು ಮಾಡಿದಳು. ಲೇಪ ಸುಳ್ಳಾಗಿರಲಿಲ್ಲ, ಹಿಡಿಕೆ ಸ್ವಚ್ಛವಿದ್ದಾಗ ವೈರಸ್ ಉಳಿಯುತ್ತಿರಲಿಲ್ಲ. ಆದರೆ ಮೇಲೆ ಜಿಡ್ಡು, ಕಫ ಒಣಗಿದರೆ ಲೇಪದ ಆಟ ನಡೆಯುತ್ತಿರಲಿಲ್ಲ. ದಿನವೂ ಒರೆಸಲೇಬೇಕೆಂದು ವಿದ್ಯಾ ವರದಿ ಬರೆದಳು.

ವಾರದೊಳಗೆ ಗುತ್ತಿಗೆದಾರ ಸಾವಂತ್ರೆವ್ವನನ್ನು ಒಂದು ಮಾಲ್‌ನ ಶೌಚಾಲಯಕ್ಕೆ ಹಾಕಿದ. ಎರಡು ತಿಂಗಳಿಗೆ ಅಲ್ಲಿಯ ಹಿಡಿಕೆಗಳೂ ಕಂದಾದವು. ಭರತನ ಕಂಪನಿಯವರು ಬಾಗಿಲಿಗೆ ಅಂಟಿಸಿದ ಚೀಟಿಯನ್ನು ಜೊತೆಗಾತಿ ಲತಾ ಓದಿದಳು: "ವೈರಸ್ ಭಯವಿಲ್ಲ, ಒರೆಸುವ ಅಗತ್ಯವಿಲ್ಲ ಅಂತ ಬರದಾರ, ಅಕ್ಕಾ."

"ಥೂ, ಇವರ ಬಾಯಿಗಿಷ್ಟು!" ಎಂದು ಸಾವಂತ್ರೆವ್ವ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಳು. ವಿದ್ಯಾಳಿಗೆ ಫೋನ್ ಹಚ್ಚುವಂತೆ ಲತಾಳಿಗೆ ಹೇಳಿ, ಬಕೆಟ್ಟಿಗೆ ಸಾಬೂನು ಹಾಕಿದಳು.